“ಸುಣ್ಣದಾಗ ಬೆಂಕಿ ಎಲ್ಲಿ ಕುಂತಿತ್ರಿ?” – ಭಟ್ಟಿಯಿಂದ ಗೋಡೆಯವರೆಗೆ ಶಾಖದ ಲೆಕ್ಕ

ಚಿತ್ತಾಪುರದ ಶಿಕ್ಷಕಿ

ಎಲ್ಲರಿಗೂ ಶರಣು. ಹತ್ತನೆಯ ತರಗತಿಗೆ ರಾಸಾಯನಿಕ ಕ್ರಿಯೆಗಳ ಪಾಠ ನಡೆಯುತ್ತಿದೆ. ಪ್ರತಿ ವರ್ಷದಂತೆ ಈ ಸಲವೂ ಸುಟ್ಟ ಸುಣ್ಣದ ಹರಳುಗಳನ್ನು ನೀರಿಗೆ ಹಾಕಿ, ಪಾತ್ರೆ ಬಿಸಿಯಾಗುವುದನ್ನು ಮಕ್ಕಳಿಗೆ ಮುಟ್ಟಿಸಿ, ಇದು ಶಾಖವನ್ನು ಹೊರಬಿಡುವ ಬಹಿರುಷ್ಣಕ ಕ್ರಿಯೆ ಎಂದು ಬರೆಸಿದೆ. ಮರುದಿನ ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಡುವುದನ್ನು ವಿವರಿಸಿ, ಅದು ಶಾಖವನ್ನು ಹೀರುವ ಅಂತರುಷ್ಣಕ ಕ್ರಿಯೆ ಎಂದೆ. ಆಗ ಫರಸಿ ಕಲ್ಲಿನ ಗಣಿಯಲ್ಲಿ ದುಡಿಯುವವರ ಮಗಳೊಬ್ಬಳು ಎದ್ದು ನಿಂತು, “ಟೀಚರ್, ಭಟ್ಟ್ಯಾಗ ಕೊಟ್ಟ ಬೆಂಕಿ ಇಷ್ಟು ದಿನ ಸುಣ್ಣದಾಗ ಎಲ್ಲಿ ಕುಂತಿತ್ರಿ? ಮುಟ್ಟಿದ್ರ ತಣ್ಣಗ ಅದಲ್ರಿ?” ಎಂದು ಕೇಳಿದಳು.

“ರಾಸಾಯನಿಕ ಶಕ್ತಿಯ ರೂಪದಲ್ಲಿ ಇತ್ತು” ಎಂದು ಉತ್ತರಿಸಿ ಮುಂದಿನ ಪ್ರಶ್ನೆಗೆ ಹೋದೆ. ಮನೆಗೆ ಬಂದ ಮೇಲೆ, ಅವಳು ಕೇಳಿದ್ದಕ್ಕೆ ನಾನು ಉತ್ತರ ಕೊಡಲಿಲ್ಲ, ಒಂದು ಹೆಸರನ್ನಷ್ಟೇ ಕೊಟ್ಟೆ ಎನ್ನಿಸಿತು. ಅಂಕಿಗಳೊಂದಿಗೆ, ಆದರೆ ಹತ್ತನೆಯ ತರಗತಿಯ ಮಗುವಿಗೆ ತಿಳಿಯುವಂತೆ ಇದನ್ನು ಹೇಗೆ ಹೇಳಬೇಕು ಎಂದು ತಿಳಿದವರು ಬರೆಯಬೇಕೆಂದು ವಿನಂತಿಸುತ್ತೇನೆ.

ಯಾದಗಿರಿ ಪಿಯುಸಿ

ನಮಸ್ಕಾರ ಮೇಡಂ. ನಾನು ದ್ವಿತೀಯ ಪಿಯುಸಿ ವಿದ್ಯಾರ್ಥಿ. ಶಕ್ತಿಯು ಪರಮಾಣುಗಳ ನಡುವಿನ ಬಂಧಗಳಲ್ಲಿ ಅಡಗಿರುತ್ತದೆ. ಭಟ್ಟಿಯಲ್ಲಿ ಕೊಟ್ಟ ಶಾಖವು ಸುಟ್ಟ ಸುಣ್ಣದ ಬಂಧಗಳೊಳಗೆ ಸೇರಿಕೊಂಡಿರುತ್ತದೆ, ನೀರು ಹಾಕಿದಾಗ ಆ ಬಂಧಗಳು ಮುರಿದು ಶಾಖವು ಹೊರಬರುತ್ತದೆ. ಅಡುಗೆ ಅನಿಲ ಉರಿಯುವಾಗಲೂ ಬಂಧಗಳು ಮುರಿಯುವುದರಿಂದಲೇ ಶಾಖ ಬರುತ್ತದೆ ಎಂದು ನಾನು ತಿಳಿದಿದ್ದೇನೆ.

ನಿವೃತ್ತ ಉಪನ್ಯಾಸಕ, ಕಲಬುರಗಿ

ಯಾದಗಿರಿಯ ತಮ್ಮಾ, ನೀವು ಬರೆದದ್ದು ತಪ್ಪು, ಆದರೆ ನಾಚಿಕೊಳ್ಳಬೇಕಾದ ತಪ್ಪಲ್ಲ. ನಾನು ಮೌಲ್ಯಮಾಪನ ಮಾಡಿದ ವರ್ಷಗಳಲ್ಲಿ ಉತ್ತರ ಪತ್ರಿಕೆಗಳಲ್ಲಿ ಅತಿ ಹೆಚ್ಚು ಸಲ ಕಂಡ ತಪ್ಪು ಇದೇ. ಜೀವಶಾಸ್ತ್ರದ ಪಾಠದಲ್ಲಿ ಜೀವಕೋಶಗಳಿಗೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವಿನ ಬಂಧ ಮುರಿದು ಶಕ್ತಿ ಬರುತ್ತದೆ ಎಂದು ಅವಸರದಲ್ಲಿ ಹೇಳಿಬಿಡುವುದರಿಂದ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಯಾವ ಬಂಧವೂ ಮುರಿಯುವಾಗ ಶಕ್ತಿಯನ್ನು ಕೊಡುವುದಿಲ್ಲ, ಪ್ರತಿಯೊಂದು ಬಂಧವನ್ನು ಮುರಿಯುವುದಕ್ಕೂ ಶಕ್ತಿಯನ್ನು ತೆರಬೇಕು. ಶಕ್ತಿ ಹೊರಬರುವುದು ಹೊಸ ಬಂಧಗಳು ಕೂಡಿಕೊಳ್ಳುವಾಗ. ಅಂಟಿಕೊಂಡ ಎರಡು ಅಯಸ್ಕಾಂತಗಳನ್ನು ಬಿಡಿಸಲು ಕೈಬಲ ಬೇಕು, ಹತ್ತಿರ ತಂದರೆ ಅವು ತಾವಾಗಿಯೇ ಟಪ್ಪೆಂದು ಕೂಡುತ್ತವೆ.

ನೀವೇ ಎತ್ತಿದ ಉರಿಯುವ ಅನಿಲದ ಉದಾಹರಣೆಯನ್ನೇ ತೆಗೆದುಕೊಂಡು, ಲೆಕ್ಕ ಸರಳವಾಗಿರಲೆಂದು ಮೀಥೇನನ್ನು ನೋಡೋಣ. ಒಂದು ಮೋಲ್ (ಅಣುಗಳನ್ನು ಎಣಿಸಲು ಬಳಸುವ ಒಂದು ನಿಗದಿತ ದೊಡ್ಡ ಸಂಖ್ಯೆ) ಮೀಥೇನ್ ಎರಡು ಮೋಲ್ ಆಮ್ಲಜನಕದೊಂದಿಗೆ ಉರಿಯುತ್ತದೆ. ಮುರಿಯಬೇಕಾದವು ಕಾರ್ಬನ್ ಮತ್ತು ಹೈಡ್ರೋಜನ್ ನಡುವಿನ ನಾಲ್ಕು ಬಂಧಗಳು, ತಲಾ ಸುಮಾರು 413 ಕಿಲೋಜೂಲ್. ಜೊತೆಗೆ ಆಮ್ಲಜನಕದ ಎರಡು ಬಂಧಗಳು, ತಲಾ ಸುಮಾರು 498. ಒಟ್ಟು ಖರ್ಚು 2,648 ಕಿಲೋಜೂಲ್. ಕೂಡಿಕೊಳ್ಳುವವು ಕಾರ್ಬನ್ ಡೈಆಕ್ಸೈಡಿನ ಎರಡು ಬಂಧಗಳು, ತಲಾ 799. ನೀರಿನ ಎರಡು ಅಣುಗಳ ನಾಲ್ಕು ಬಂಧಗಳು, ತಲಾ 463. ಒಟ್ಟು ಜಮೆ 3,450. ಖರ್ಚು ಕಳೆದು ಉಳಿದ 802 ಕಿಲೋಜೂಲ್ ಒಲೆಯ ಮೇಲಿನ ಪಾತ್ರೆಗೆ ಸಿಗುತ್ತದೆ. ಪುಸ್ತಕದಲ್ಲಿ ಕೆಲವೆಡೆ 890 ಎಂದಿರುವುದನ್ನು ನೋಡಿ ಗಾಬರಿಯಾಗಬೇಡಿ: ಹುಟ್ಟಿದ ನೀರು ಆವಿಯಾಗಿಯೇ ಹಾರಿಹೋದರೆ 802, ಅದು ತಣಿದು ದ್ರವವಾದರೆ 890. ನಡುವಿನ 88 ಕಿಲೋಜೂಲ್ ಎರಡು ಮೋಲ್ ಆವಿಯು ನೀರಾಗುವಾಗ ಬಿಟ್ಟುಕೊಡುವ ಶಾಖ.

ಅಂದರೆ ಶಾಖವು ಖರ್ಚು ಮತ್ತು ಜಮೆಗಳ ನಡುವಿನ ವ್ಯತ್ಯಾಸ. ಅದು ಮೀಥೇನಿನೊಳಗೆ ಗಂಟು ಕಟ್ಟಿಟ್ಟ ಪದಾರ್ಥವಲ್ಲ. ಈ ಒಂದು ಮಾತು ಮನಸ್ಸಿನಲ್ಲಿ ನಿಂತರೆ ಸುಣ್ಣದ ಪ್ರಶ್ನೆಯ ಅರ್ಧ ಉತ್ತರ ಸಿಕ್ಕಂತೆ.

ಈಗ ಸುಣ್ಣಕ್ಕೆ ಬರುತ್ತೇನೆ. ಮೇಡಂ ಅವರು ಪಾಠದಲ್ಲಿ ಎರಡು ಕ್ರಿಯೆಗಳನ್ನು ಹೇಳಿದರು. ಆ ಹುಡುಗಿಯ ಪ್ರಶ್ನೆಗೆ ಉತ್ತರ ದೊರೆಯಬೇಕಾದರೆ ಮೂರನೆಯದೂ ಬೇಕು. ಮೊದಲನೆಯದು ಭಟ್ಟಿಯಲ್ಲಿ: 100 ಗ್ರಾಂ ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟ್ (ಸುಣ್ಣದ ಕಲ್ಲಿನ ಮುಖ್ಯ ಅಂಶ) ಸುಮಾರು 178 ಕಿಲೋಜೂಲ್ ಶಾಖವನ್ನು ಹೀರಿ, 56 ಗ್ರಾಂ ಸುಟ್ಟ ಸುಣ್ಣ ಮತ್ತು 44 ಗ್ರಾಂ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಎರಡನೆಯದು ಹೊಂಡದಲ್ಲಿ: ಆ 56 ಗ್ರಾಂ ಸುಣ್ಣ 18 ಗ್ರಾಂ ನೀರನ್ನು ಕೂಡಿಸಿಕೊಂಡು 74 ಗ್ರಾಂ ಅರಳಿದ ಸುಣ್ಣವಾಗುವಾಗ ಸುಮಾರು 65 ಕಿಲೋಜೂಲ್ ಹೊರಗೆ ಬಿಡುತ್ತದೆ. ಮೂರನೆಯದು ಗೋಡೆಯ ಮೇಲೆ: ಅರಳಿದ ಸುಣ್ಣವು ಗಾಳಿಯಿಂದ ಅದೇ 44 ಗ್ರಾಂ ಕಾರ್ಬನ್ ಡೈಆಕ್ಸೈಡನ್ನು ಹೀರಿ, ನೀರನ್ನು ಬಿಟ್ಟುಕೊಟ್ಟು, ಮತ್ತೆ ಕಲ್ಲಾಗುವಾಗ ಸುಮಾರು 113 ಕಿಲೋಜೂಲ್ ಬಿಡುತ್ತದೆ. 65ಕ್ಕೆ 113 ಕೂಡಿಸಿ ನೋಡಿ, 178 ಬರುತ್ತದೆ. ಭಟ್ಟಿಯಲ್ಲಿ ಹಾಕಿದ ಒಂದು ಕಾಸೂ ಕಳೆದಿಲ್ಲ.

ಜಿನೀವಾದಲ್ಲಿ ಹುಟ್ಟಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕೆಲಸ ಮಾಡಿದ ರಸಾಯನಶಾಸ್ತ್ರಜ್ಞ ಜರ್ಮೈನ್ ಹೆಸ್ 1840ರಲ್ಲಿ ಹೇಳಿದ ನಿಯಮ ಇದೇ: ಹೊರಟ ಸ್ಥಳ ಮತ್ತು ತಲುಪಿದ ಸ್ಥಳ ಒಂದೇ ಆಗಿದ್ದರೆ, ಯಾವ ದಾರಿಯಿಂದ ಹೋದರೂ ಒಟ್ಟು ಶಾಖದ ಲೆಕ್ಕ ಬದಲಾಗುವುದಿಲ್ಲ. ಒಂದು ಸಂಯುಕ್ತವನ್ನು ಒಡೆಯಲು ಬೇಕಾದಷ್ಟೇ ಶಾಖ ಅದು ಕೂಡುವಾಗ ಮರಳುತ್ತದೆ ಎಂಬುದನ್ನು ಫ್ರಾನ್ಸಿನ ವಿಜ್ಞಾನಿಗಳಾದ ಲವಾಸಿಯೇ ಮತ್ತು ಲಾಪ್ಲಾಸ್ ಮಂಜುಗಡ್ಡೆ ಕರಗಿಸಿ ಶಾಖ ಅಳೆದ 1780ರ ದಶಕದಲ್ಲಿಯೇ ಗುರುತಿಸಿದ್ದರು.

ಮಗುವಿಗೆ ಹೇಳಲು ನಮ್ಮ ಕಡೆಯ ಮೆಟ್ಟಿಲು ಬಾವಿ ಸಾಕು. ಕಲ್ಲು ತಳದಲ್ಲಿ ನಿಂತಿದೆ. ಭಟ್ಟಿಯ ಬೆಂಕಿ ಅದನ್ನು 178 ಮೆಟ್ಟಿಲು ಮೇಲೆ ಹತ್ತಿಸಿತು. ನೀರು ಬಿದ್ದಾಗ ಅದು 65 ಮೆಟ್ಟಿಲು ದಡದಡನೆ ಇಳಿಯಿತು, ಉಳಿದ 113ನ್ನು ಗೋಡೆಯ ಮೇಲೆ ಮೆಲ್ಲಗೆ ಇಳಿಯುತ್ತದೆ.

ಭಟ್ಟಿ ಪಾಳಿ, ಸೇಡಂ

ಗುರುಗಳ ಲೆಕ್ಕ ನೋಡಿ ಸಂತೋಷವಾಯಿತು. ನಾನು ಸಿಮೆಂಟ್ ಕಾರ್ಖಾನೆಯೊಂದರ ಭಟ್ಟಿಯ ನಿಯಂತ್ರಣ ಕೊಠಡಿಯಲ್ಲಿ ಪಾಳಿ ಕೆಲಸ ಮಾಡುತ್ತೇನೆ. ವಾಡಿ, ಮಳಖೇಡ, ಸೇಡಂ ಸುತ್ತಲಿನ ಕಾರ್ಖಾನೆಗಳೆಲ್ಲ ಇಲ್ಲಿಗೆ ಬಂದದ್ದೇ ಈ ಸುಣ್ಣದ ಕಲ್ಲಿಗಾಗಿ, ಮತ್ತು ನಮ್ಮ ಕಲ್ಲಿದ್ದಲಿನ ಬಿಲ್ಲಿನ ಬಹುಪಾಲು ಈ 178 ಎಂಬ ಅಂಕಿಗೇ ಸಲ್ಲುತ್ತದೆ.

ದೊಡ್ಡ ಪ್ರಮಾಣದಲ್ಲಿ ಹೇಳುವುದಾದರೆ, ಒಂದು ಟನ್ ಶುದ್ಧ ಸುಣ್ಣದ ಕಲ್ಲಿಗೆ 1,780 ಮೆಗಾಜೂಲ್ (ಒಂದು ಮೆಗಾಜೂಲ್ ಎಂದರೆ ಸಾವಿರ ಕಿಲೋಜೂಲ್) ಬೇಕು. ಮನೆಯ 14.2 ಕಿಲೋ ಸಿಲಿಂಡರಿನಲ್ಲಿ ಸುಮಾರು 650 ಮೆಗಾಜೂಲ್ ಶಾಖ ಸಿಗುತ್ತದೆ, ಆದ್ದರಿಂದ ಇದು ಹೆಚ್ಚುಕಡಿಮೆ ಎರಡೂಮುಕ್ಕಾಲು ಸಿಲಿಂಡರ್. ಅಷ್ಟೇ ಅಲ್ಲ, ಆ ಟನ್ ಕಲ್ಲಿನಿಂದ ಬಂದ 560 ಕಿಲೋ ಸುಣ್ಣವನ್ನು ಅರಳಿಸಿದರೆ ಮರಳಿ ಬರುವ ಶಾಖವೂ 650 ಮೆಗಾಜೂಲ್, ಅಂದರೆ ಸರಿಯಾಗಿ ಒಂದು ಸಿಲಿಂಡರ್. ಮಕ್ಕಳಿಗೆ ಕಿಲೋಜೂಲಿಗಿಂತ ಸಿಲಿಂಡರ್ ಬೇಗ ತಿಳಿಯುತ್ತದೆ ಎಂದು ನನ್ನ ಅನಿಸಿಕೆ.

ಇನ್ನೊಂದು ಮಾತು. ಶಾಖ ಕೊಟ್ಟ ಮಾತ್ರಕ್ಕೆ ಕಲ್ಲು ಒಡೆಯುವುದಿಲ್ಲ; ಅದು ಸುಮಾರು 900 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಈಗಿನ ಕಾರ್ಖಾನೆಗಳಲ್ಲಿ ಕಲ್ಲಿನ ಪುಡಿಯು ತಿರುಗುವ ಭಟ್ಟಿಗೆ ಬೀಳುವ ಮೊದಲೇ, ಎತ್ತರದ ಗೋಪುರದಂತಹ ಭಾಗದಲ್ಲಿ, ಅದರ ಬಹುಪಾಲು ಕಾರ್ಬನ್ ಡೈಆಕ್ಸೈಡ್ ಹೊರಟುಹೋಗಿರುತ್ತದೆ. ಆಮೇಲೆ ಭಟ್ಟಿಯಲ್ಲಿ ಪುಡಿಯು ಸುಮಾರು 1,450 ಡಿಗ್ರಿಗೆ ಏರಿ ಕ್ಲಿಂಕರ್, ಅಂದರೆ ಅರೆದರೆ ಸಿಮೆಂಟಾಗುವ ಗಟ್ಟಿ ಉಂಡೆಗಳು, ಆಗುತ್ತದೆ. ಹೊರಗಿನವರಿಗೆ ಅಚ್ಚರಿಯಾಗುವ ಸಂಗತಿಯೆಂದರೆ, ಅಷ್ಟು ಉರಿಯುವ ಆ ಜಾಗದಲ್ಲಿ ಸುಣ್ಣ ಮತ್ತು ಸಿಲಿಕಾ (ಮರಳಿನ ಮುಖ್ಯ ಅಂಶ) ಕೂಡುವ ಕ್ರಿಯೆಗಳು ಒಟ್ಟಾರೆ ಸ್ವಲ್ಪ ಶಾಖವನ್ನು ಮರಳಿಸುತ್ತವೆ. ಹೆಚ್ಚು ಬಿಸಿಯಾದ ಜಾಗವೇ ಹೆಚ್ಚು ಶಾಖವನ್ನು ತಿನ್ನುವ ಜಾಗ ಎಂದೇನೂ ಇಲ್ಲ. ಒಂದು ಟನ್ ಕ್ಲಿಂಕರಿಗೆ ರಸಾಯನಶಾಸ್ತ್ರದ ಲೆಕ್ಕದಲ್ಲಿ ಬೇಕಾಗುವುದು ಸುಮಾರು 1,750 ಮೆಗಾಜೂಲ್, ಆದರೆ ಒಳ್ಳೆಯ ಭಟ್ಟಿಯೂ 3,000ಕ್ಕಿಂತ ಹೆಚ್ಚು ಬಳಸುತ್ತದೆ. ಉಳಿದದ್ದು ಬಿಸಿ ಹೊಗೆಯಲ್ಲಿ, ಭಟ್ಟಿಯ ಹೊರಮೈಯಲ್ಲಿ ಮತ್ತು ಬಿಸಿ ಕ್ಲಿಂಕರಿನೊಂದಿಗೆ ಹೋಗುತ್ತದೆ. ಬೇಸಿಗೆಯ ಪಾಳಿಯಲ್ಲಿ ಅದರ ಪಕ್ಕ ನಡೆದವರಿಗೆ ಅದು ಯಾವ ದಿಕ್ಕಿಗೆ ಹೋಗುತ್ತದೆ ಎಂದು ಹೇಳಬೇಕಾಗಿಲ್ಲ.

ಕಟ್ಟಡ ಎಂಜಿನಿಯರ್, ಕಲಬುರಗಿ

ಗುರುಗಳ ಮೆಟ್ಟಿಲು ಬಾವಿಯ ಹೋಲಿಕೆಯ ಬಗ್ಗೆ ನನ್ನದೊಂದು ಆಕ್ಷೇಪವಿದೆ. ಅದನ್ನು ಕೇಳಿದ ಮಗು ಸುಣ್ಣವೆಂಬ ವಸ್ತುವೇ ಮೇಲೆ ನಿಂತಿದೆ, ಬೆಂಕಿ ಅದರೊಳಗೇ ಇದೆ ಎಂದು ತಿಳಿಯುವ ಸಂಭವವಿದೆ. ಹಾಗಾದರೆ ಯಾದಗಿರಿಯ ತಮ್ಮನ ತಪ್ಪಿಗೇ ನಾವು ಇನ್ನೊಂದು ಬಾಗಿಲಿನಿಂದ ಹೊಕ್ಕಂತೆ. ಸುಟ್ಟ ಸುಣ್ಣವನ್ನು ನೀರಾಗಲಿ ಕಾರ್ಬನ್ ಡೈಆಕ್ಸೈಡಾಗಲಿ ಸೋಕದ ಡಬ್ಬಿಯಲ್ಲಿ ಮುಚ್ಚಿಟ್ಟರೆ ನೂರು ವರ್ಷವಾದರೂ ಅದು ಒಂದು ಜೂಲನ್ನೂ ಕೊಡುವುದಿಲ್ಲ. ಹಾಗಿದ್ದ ಮೇಲೆ ಬೆಂಕಿ ಸುಣ್ಣದಲ್ಲಿ ಇತ್ತು ಎನ್ನುವುದು ಹೇಗೆ?

ನಿವೃತ್ತ ಉಪನ್ಯಾಸಕ, ಕಲಬುರಗಿ

ಆಕ್ಷೇಪವನ್ನು ಒಪ್ಪುತ್ತೇನೆ; ನಾನೇ ಅದನ್ನು ಬರೆಯಬೇಕಿತ್ತು. ಮೇಲೆ ಹತ್ತಿದ್ದು ಸುಣ್ಣವಲ್ಲ, ಸುಣ್ಣ ಮತ್ತು ಕಾರ್ಬನ್ ಡೈಆಕ್ಸೈಡ್ ಎಂಬ ಜೋಡಿ. ಕೂಡಿಕೊಂಡಿದ್ದ ಅವೆರಡನ್ನು ಭಟ್ಟಿಯು ಬಿಡಿಸಿತು, ಬಿಡಿಸುವುದಕ್ಕೆ 178 ಕಿಲೋಜೂಲ್ ತೆತ್ತಿತು. ಆ ಶಾಖ ಕುಳಿತದ್ದು ಸುಣ್ಣದ ಹರಳಿನಲ್ಲಿಯೂ ಅಲ್ಲ, ಚಿಮಣಿಯಿಂದ ಹಾರಿಹೋದ ಅನಿಲದಲ್ಲಿಯೂ ಅಲ್ಲ, ಅವೆರಡೂ ಬೇರೆಯಾಗಿವೆ ಎಂಬ ಸ್ಥಿತಿಯಲ್ಲಿ. ಕವಣೆಯ ರಬ್ಬರನ್ನು ಎಳೆದು ಹಿಡಿದಾಗ ಬಲವು ಎಡಗೈಯಲ್ಲಿದೆಯೋ ಬಲಗೈಯಲ್ಲಿದೆಯೋ ಎಂದು ಕೇಳಿದ ಹಾಗೆ.

ಆದ್ದರಿಂದ ಆ ಹುಡುಗಿಗೆ ಹೀಗೆ ಹೇಳಬಹುದು: “ಮಗಳೇ, ಬೆಂಕಿ ಸುಣ್ಣದೊಳಗೆ ಕುಳಿತಿರಲಿಲ್ಲ. ಬೆಂಕಿ ಮಾಡಿದ ಕೆಲಸ ಕಲ್ಲಿನಿಂದ ಗಾಳಿಯನ್ನು ಬೇರೆ ಮಾಡಿದ್ದು. ಸುಣ್ಣಕ್ಕೆ ತನ್ನ ಜೊತೆಗಾರ ಮತ್ತೆ ಸಿಕ್ಕಾಗ ಆ ಖರ್ಚು ಮರಳಿ ಬರುತ್ತದೆ. ನೀರು ನಡುವಿನಲ್ಲಿ ಸಿಕ್ಕ ಗೆಳೆಯ, ಅವನೊಂದಿಗೆ ಕೂಡಿದಾಗ ಅದರ ಮೂರನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಬಂತು.” ಮುಟ್ಟಿದರೆ ತಣ್ಣಗೆ ಏಕೆ ಎಂಬುದಕ್ಕೂ ಇದರಲ್ಲೇ ಉತ್ತರವಿದೆ. ಬಿಸಿ ಎಂಬುದು ಕಣಗಳ ಓಡಾಟ, ಇಲ್ಲಿ ಉಳಿದಿರುವುದು ಓಡಾಟವಲ್ಲ, ಜೋಡಣೆ.

ಗಾರೆ ಕೆಲಸ, ಬಸವಕಲ್ಯಾಣ

ಅಕ್ಕೋರೆ, ನಮ್ಮ ಮನೆತನದ್ದು ಗಾರೆ ಕೆಲಸ. ಹಳೆಯ ಕಟ್ಟಡಗಳ ದುರಸ್ತಿಗೆ ಈಗಲೂ ಸುಣ್ಣ ಅರಳಿಸುತ್ತೇವೆ, ಗಾಣದಲ್ಲಿ ಅರೆಯುತ್ತೇವೆ, ಬೇಕಾದ ಕಡೆ ಬೆಲ್ಲದ ನೀರು ಮತ್ತು ಅಳಲೆಕಾಯಿಯ ನೀರು ಹಾಕುತ್ತೇವೆ. ಶಾಖದ ಲೆಕ್ಕ ನಮಗೆ ತಿಳಿಯದು, ಆದರೆ ಶಾಖವನ್ನು ಕೈಯಿಂದ ಬಲ್ಲೆವು. ಹೊಂಡದಲ್ಲಿ ಮೊದಲು ನೀರು ತುಂಬಿ ಸುಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ಬಿಡಬೇಕು, ಸುಣ್ಣದ ರಾಶಿಯ ಮೇಲೆ ಚೊಂಬು ನೀರು ಎಸೆಯಬಾರದು ಎಂದು ನಮ್ಮ ತಂದೆ ಬೈದು ಕಲಿಸಿದ್ದರು. ರಾಶಿಗೆ ಕಡಿಮೆ ನೀರು ಬಿದ್ದರೆ ಅಲ್ಲೇ ಕುದಿದು ಸಿಡಿಯುತ್ತದೆ. ಸಿಡಿದ ಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಒಮ್ಮೆ ಮಳೆಯಲ್ಲಿ ಸುಣ್ಣದ ಚೀಲಗಳ ಮೇಲೆ ಹೊದಿಸಿದ್ದ ತಾಡಪತ್ರಿ ಸರಿದು, ಕೆಳಗಿನ ಗೋಣಿಚೀಲಗಳು ಹೊಗೆಯಾಡಿದ್ದನ್ನು ನಾನೇ ನೋಡಿದ್ದೇನೆ. ತರಗತಿಯಲ್ಲಿ ಮಾಡುವಾಗ ಮಕ್ಕಳನ್ನು ದೂರ ನಿಲ್ಲಿಸಿ, ಕಣ್ಣಿಗೆ ಕನ್ನಡಕ ಹಾಕಿಸಿ ಎಂದು ಕೈಮುಗಿದು ಕೇಳುತ್ತೇನೆ.

ನನ್ನ ಪ್ರಶ್ನೆ ಬೇರೆ. ಗುರುಗಳು ಗೋಡೆಯ ಮೇಲೆ 113 ಪಾಲು ಶಾಖ ಬರುತ್ತದೆ ಎಂದರು. ಅದು ಹೊಂಡದ ಶಾಖಕ್ಕಿಂತ ಹೆಚ್ಚು. ಹೊಂಡ ಕೊತಕೊತ ಕುದಿಯುತ್ತದೆ. ನಾನು ಗಾರೆ ಮೆತ್ತಿದ ಯಾವ ಗೋಡೆಯೂ ಬೆಚ್ಚಗಾದದ್ದನ್ನು ಮುಟ್ಟಿ ನೋಡಿಲ್ಲ. ಆ ಶಾಖ ಎಲ್ಲಿ ಹೋಗುತ್ತದೆ?

ಕಟ್ಟಡ ಎಂಜಿನಿಯರ್, ಕಲಬುರಗಿ

ಅಣ್ಣಾ, ಬಹಳ ಒಳ್ಳೆಯ ಪ್ರಶ್ನೆ ಕೇಳಿದಿರಿ. ಎಷ್ಟು ಶಾಖ ಎಂಬುದು ಒಂದು ಪ್ರಶ್ನೆ, ಎಷ್ಟು ಬೇಗ ಎಂಬುದು ಪೂರ್ತಿ ಬೇರೆ ಪ್ರಶ್ನೆ.

ಒಂದು ಚದರ ಮೀಟರ್ ಗೋಡೆಯ ಮೇಲಿನ ಗಾರೆಯಲ್ಲಿ 4 ಕಿಲೋ ಅರಳಿದ ಸುಣ್ಣವಿದೆ ಎಂದು ಇಟ್ಟುಕೊಳ್ಳೋಣ. 74 ಗ್ರಾಂಗೆ ಒಂದು ಮೋಲ್‌ನಂತೆ ಅದು ಸುಮಾರು 54 ಮೋಲ್; ಮೋಲ್ ಒಂದಕ್ಕೆ 113 ಕಿಲೋಜೂಲಿನಂತೆ, ಪೂರ್ತಿ ಕಲ್ಲಾದರೆ ಬರುವ ಶಾಖ ಸುಮಾರು 6,100 ಕಿಲೋಜೂಲ್. ಅದೆಲ್ಲ ಒಂದೇ ವರ್ಷದಲ್ಲಿ ಬಂದರೂ, ವರ್ಷದಲ್ಲಿ ಸುಮಾರು 3 ಕೋಟಿ 15 ಲಕ್ಷ ಸೆಕೆಂಡುಗಳಿರುವುದರಿಂದ, ಸೆಕೆಂಡಿಗೆ ಸಿಗುವುದು 0.19 ಜೂಲ್, ಅಂದರೆ 0.19 ವಾಟ್. ನಮ್ಮ ಬೇಸಿಗೆಯ ಮಧ್ಯಾಹ್ನದ ಬಿಸಿಲು ಒಂದು ಚದರ ಮೀಟರಿಗೆ ಸಾವಿರ ವಾಟ್‌ಗೆ ಹತ್ತಿರ ಸುರಿಯುತ್ತದೆ. ಅದರ ಮುಂದೆ ನಿಮ್ಮ ಗೋಡೆಯ ಶಾಖ ಯಾವ ಕೈಗೂ ತಿಳಿಯದು. ಹೊಂಡದಲ್ಲಿ ನಿಮಿಷಗಳಲ್ಲಿ ಮುಗಿಯುವ ಕೆಲಸ ಗೋಡೆಯ ಮೇಲೆ ತಿಂಗಳು, ವರ್ಷಗಳನ್ನು ತೆಗೆದುಕೊಳ್ಳುತ್ತದೆ, ಏಕೆಂದರೆ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಇರುವುದು ಹತ್ತು ಸಾವಿರದಲ್ಲಿ ನಾಲ್ಕು ಪಾಲಿಗಿಂತ ಸ್ವಲ್ಪ ಹೆಚ್ಚು ಅಷ್ಟೇ. ಅದು ಗಾರೆಯ ಸಣ್ಣ ರಂಧ್ರಗಳೊಳಗೆ ನುಸುಳಬೇಕು, ಅಲ್ಲಿ ತುಸು ತೇವ ಸಿಗಬೇಕು. ನೀವು ಹೊಸ ಗಾರೆಗೆ ಒದ್ದೆ ಗೋಣಿತಟ್ಟು ಹೊದಿಸುವುದು ಇದೇ ಕಾರಣಕ್ಕೆ. ತೇವವಿಲ್ಲದೆ ಪೂರ್ತಿ ಒಣಗಿದ ಗಾರೆಯಲ್ಲಿ ಈ ಕ್ರಿಯೆ ನಿಂತುಹೋಗುತ್ತದೆ. ಬೀದರಿನಲ್ಲಿ 1472ರಲ್ಲಿ ಮುಗಿದ ಮಹಮೂದ್ ಗವಾನ್ ಮದರಸಾದ ಗಾರೆಯೂ ಹೀಗೆಯೇ ಸದ್ದಿಲ್ಲದೆ ತನ್ನ ಪಾಲಿನ ಶಾಖವನ್ನು ಗಾಳಿಗೆ ತೀರಿಸಿದ್ದು.

ಸಿಮೆಂಟಿನಲ್ಲಿ ಕಥೆ ತಿರುವುಮುರುವು. ಸಿಮೆಂಟ್ ನೀರಿನೊಂದಿಗೆ ಕೂಡುವಾಗಲೂ ಶಾಖ ಬರುತ್ತದೆ, ಅದರ ದೊಡ್ಡ ಪಾಲು ಮೊದಲ ಕೆಲವೇ ದಿನಗಳಲ್ಲಿ. ತೆಳು ಸ್ಲ್ಯಾಬಿನಲ್ಲಿ ಅದು ಹೊರಗೆ ಹೋಗಿಬಿಡುತ್ತದೆ, ದಪ್ಪ ಬುನಾದಿಯಲ್ಲಿ ಒಳಗೇ ಉಳಿದು, ಒಳಭಾಗ ಬಿಸಿಯಾಗಿಯೂ ಹೊರಮೈ ತಣ್ಣಗೂ ಆಗಿ ಬಿರುಕು ಬಿಡುತ್ತದೆ. ಅಮೆರಿಕದ ಹೂವರ್ ಅಣೆಕಟ್ಟನ್ನು ಕಟ್ಟುವಾಗ ಕಾಂಕ್ರೀಟಿನೊಳಗೆ ಕೊಳವೆಗಳನ್ನು ಹುದುಗಿಸಿ ತಣ್ಣೀರು ಹರಿಸಿದ್ದು ಇದಕ್ಕಾಗಿಯೇ. ಏಪ್ರಿಲ್, ಮೇ ತಿಂಗಳಲ್ಲಿ ನಾವು ಕಲಬುರಗಿಯಲ್ಲಿ ದಪ್ಪ ಕಾಂಕ್ರೀಟನ್ನು ರಾತ್ರಿ ಹಾಕುತ್ತೇವೆ. ಇದನ್ನು ಕೂಲಿಯವರ ಅನುಕೂಲಕ್ಕೆಂದು ತಿಳಿದು ಹಗಲಿಗೆ ಬದಲಿಸಲು ಹೇಳುವ ಮಾಲೀಕರಿಗೆ ವಿವರಿಸಿ ಸಾಕಾಗಿದೆ.

ಭಟ್ಟಿ ಪಾಳಿ, ಸೇಡಂ

ನಿಧಾನವಾಗಿ ಬರುವ ಶಾಖ ಯಾವಾಗಲೂ ನಿರುಪದ್ರವಿ ಎಂದು ಮಾತ್ರ ತಿಳಿಯಬೇಡಿ. ಕಲ್ಲಿದ್ದಲಿನ ರಾಶಿ ಗಾಳಿಯ ಆಮ್ಲಜನಕದೊಂದಿಗೆ ಬಹಳ ಮೆಲ್ಲಗೆ ಕೂಡುತ್ತಿರುತ್ತದೆ. ಆ ಶಾಖ ಗೋಡೆಯಲ್ಲಾದಂತೆ ಹೊರಗೆ ಹೋದರೆ ತೊಂದರೆಯಿಲ್ಲ. ರಾಶಿಯ ಒಡಲಲ್ಲಿ ಸಿಕ್ಕಿಕೊಂಡರೆ ಅಲ್ಲಿ ಬಿಸಿ ಏರುತ್ತದೆ, ಬಿಸಿ ಏರಿದಂತೆ ಕ್ರಿಯೆಯ ವೇಗ ಹೆಚ್ಚುತ್ತದೆ, ಕೊನೆಗೆ ಯಾರೂ ಕಡ್ಡಿ ಗೀರದೆಯೇ ಹೊಗೆ ಏಳುತ್ತದೆ. ಅದಕ್ಕೇ ರಾಶಿಯನ್ನು ಒತ್ತಿ ಗಟ್ಟಿ ಮಾಡಿ, ಒಳಗೆ ಗಾಳಿ ಹೋಗದಂತೆ ನೋಡಿಕೊಳ್ಳುತ್ತಾರೆ.

ಯಾದಗಿರಿ ಪಿಯುಸಿ

ಗುರುಗಳೇ, ನನ್ನ ತಪ್ಪನ್ನು ತಿದ್ದಿದ್ದಕ್ಕೆ ಧನ್ಯವಾದಗಳು. ಮೀಥೇನಿನ ಲೆಕ್ಕವನ್ನು ನಾನೇ ಮತ್ತೊಮ್ಮೆ ಮಾಡಿ ನೋಡಿದೆ. ಆದರೆ ಈಗ ಹೊಸ ಸಂಶಯ ಬಂದಿದೆ. ಇಳಿಯುವುದು ಸಹಜ ಎಂದಾದರೆ, ತೊಗರಿ ಕಟ್ಟಿಗೆಯ ಬಣವೆ ಹೊಲದಲ್ಲಿ ವರ್ಷಗಟ್ಟಲೆ ಉರಿಯದೆ ಏಕೆ ನಿಂತಿರುತ್ತದೆ? ಮತ್ತು ಏರುವುದು ಸಹಜವಲ್ಲ ಎಂದಾದರೆ, ಶಾಖ ಹೀರುವ ಕ್ರಿಯೆಗಳು ನಡೆಯುವುದಾದರೂ ಹೇಗೆ?

ನಿವೃತ್ತ ಉಪನ್ಯಾಸಕ, ಕಲಬುರಗಿ

ಮೊದಲನೆಯದಕ್ಕೆ ಉತ್ತರ ಸುಲಭ. ಹೊಸ ಬಂಧಗಳ ಜಮೆ ಬರುವ ಮೊದಲು ಹಳೆಯ ಬಂಧಗಳನ್ನು ಸಡಿಲಿಸುವ ಖರ್ಚನ್ನು ಮಾಡಬೇಕು. ಆ ಮುಂಗಡವನ್ನೇ ಆಕ್ಟಿವೇಶನ್ ಎನರ್ಜಿ ಎಂದು ನೀವು ಓದುವುದು. ಬೆಂಕಿ ಕಡ್ಡಿ ಬಣವೆಯ ಒಂದು ಮೂಲೆಗೆ ಆ ಮುಂಗಡವನ್ನು ಕೊಡುತ್ತದೆ, ಅಲ್ಲಿ ಬಂದ ಜಮೆ ಪಕ್ಕದ ಕಟ್ಟಿಗೆಗೆ ಮುಂಗಡವಾಗುತ್ತದೆ. ಕ್ರಿಯೆಯ ವೇಗವನ್ನು ಹೆಚ್ಚಿಸುವ ಕ್ರಿಯಾವರ್ಧಕವು ಈ ಮುಂಗಡವನ್ನು ಕಡಿಮೆ ಮಾಡುತ್ತದೆ, ಒಟ್ಟು ಉಳಿಕೆಯನ್ನು ಒಂದು ಕಾಸಿನಷ್ಟೂ ಬದಲಿಸುವುದಿಲ್ಲ.

ಎರಡನೆಯದು ಆಳವಾದ ಪ್ರಶ್ನೆ. ಕ್ರಿಯೆ ಯಾವ ಕಡೆ ಹೋಗಬೇಕೆಂಬುದನ್ನು ಶಾಖವೊಂದೇ ತೀರ್ಮಾನಿಸುವುದಿಲ್ಲ. ಕಣಗಳು ಎಷ್ಟು ಹರಡಿಕೊಳ್ಳಬಹುದು ಎಂಬುದೂ ತೀರ್ಮಾನಿಸುತ್ತದೆ. ಕಲ್ಲಿನೊಳಗೆ ಕಟ್ಟಿಹಾಕಿದ್ದ ಕಾರ್ಬನ್ ಡೈಆಕ್ಸೈಡ್ ಅನಿಲವಾಗಿ ಹೊರಬಿದ್ದರೆ ಅದಕ್ಕೆ ಸಿಗುವ ಬಯಲು ದೊಡ್ಡದು, ಮತ್ತು ಉಷ್ಣತೆ ಹೆಚ್ಚಿದಂತೆ ಈ ಹರಡುವಿಕೆಯ ತೂಕವೂ ಹೆಚ್ಚುತ್ತದೆ. ಕೋಣೆಯ ಉಷ್ಣತೆಯಲ್ಲಿ ಶಾಖದ ತಕ್ಕಡಿ ಭಾರ, ಹಾಗಾಗಿ ಸುಣ್ಣ ಕಲ್ಲಾಗುತ್ತದೆ. 900 ಡಿಗ್ರಿಯ ಸುಮಾರಿಗೆ ಹರಡುವಿಕೆಯ ತಕ್ಕಡಿ ಭಾರವಾಗಿ ಕಲ್ಲು ಸುಣ್ಣವಾಗುತ್ತದೆ. ಒಂದೇ ಕ್ರಿಯೆ ಗೋಡೆಯ ಮೇಲೆ ಒಂದು ದಿಕ್ಕಿಗೆ, ಭಟ್ಟಿಯಲ್ಲಿ ಇನ್ನೊಂದು ದಿಕ್ಕಿಗೆ ನಡೆಯುವುದರ ಗುಟ್ಟು ಇದು.

ಬಿದರಿ ಮನೆ, ಬೀದರ್

ಶಾಖ ಹೀರುವ ಕ್ರಿಯೆಗೆ ಭಟ್ಟಿಯೇ ಬೇಕಾಗಿಲ್ಲ ಎಂದು ಸೇರಿಸಲು ಬಯಸುತ್ತೇನೆ. ನಮ್ಮ ಮನೆಯಲ್ಲಿ ಬಿದರಿ ಕೆಲಸವಿದೆ. ಕೊನೆಯ ಹಂತದಲ್ಲಿ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರವನ್ನು (ಅಮೋನಿಯಂ ಕ್ಲೋರೈಡ್) ನೀರಿನಲ್ಲಿ ಕಲಸಿ, ಆ ದ್ರಾವಣದಿಂದ ವಸ್ತುವನ್ನು ಕಪ್ಪಾಗಿಸುತ್ತೇವೆ. ಸತು ಹೆಚ್ಚಿರುವ ಲೋಹ ಕಪ್ಪಾಗುತ್ತದೆ, ಬೆಳ್ಳಿಯ ಕುಸುರಿ ಬೆಳ್ಳಗೇ ಉಳಿಯುತ್ತದೆ. ನವಸಾಗರವನ್ನು ತಣ್ಣೀರಿಗೆ ಹಾಕಿ ಕೈಯಾಡಿಸಿದರೆ ಪಾತ್ರೆ ಇನ್ನೂ ತಣ್ಣಗಾಗುತ್ತದೆ. ಚಿಕ್ಕವನಿದ್ದಾಗ ಬೇಸಿಗೆಯಲ್ಲಿ ಅದರಲ್ಲಿ ಕೈಯಿಟ್ಟು ಕೂತು ಬೈಸಿಕೊಂಡಿದ್ದೇನೆ.

ಅದೇ ಮನೆಯಲ್ಲಿ ಬಿಸಿಯ ಉದಾಹರಣೆಯೂ ಇದೆ. ನಕಾಶೆ ಕೊರೆಯುವ ಮೊದಲು ಗೆರೆ ಕಾಣಲೆಂದು ವಸ್ತುವಿಗೆ ಮೈಲುತುತ್ತದ (ತಾಮ್ರದ ಸಲ್ಫೇಟ್) ನೀರನ್ನು ಹಚ್ಚಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತೇವೆ. ಸತು ತಾಮ್ರವನ್ನು ಹೊರಹಾಕುವುದು ಶಾಖ ಕೊಡುವ ಕ್ರಿಯೆ ಎಂದು ಓದಿದ್ದೇನೆ, ಆದರೆ ಕೈಗೆ ಬಿಸಿ ತಾಗುವುದಿಲ್ಲ.

ನಿವೃತ್ತ ಉಪನ್ಯಾಸಕ, ಕಲಬುರಗಿ

ಕೈಗೆ ತಾಗದಿರುವುದು ಪದರ ತೆಳುವಾಗಿರುವುದರಿಂದ ಮತ್ತು ಲೋಹ ಶಾಖವನ್ನು ಕೂಡಲೇ ಹಂಚಿಕೊಳ್ಳುವುದರಿಂದ. ಪಾತ್ರೆಯಲ್ಲಿ ಮಾಡಿದರೆ ಚೆನ್ನಾಗಿ ಕಾಣುತ್ತದೆ. 100 ಮಿಲಿಲೀಟರ್ ನೀರಿನಲ್ಲಿ 5 ಗ್ರಾಂ ಮೈಲುತುತ್ತದ ಹರಳನ್ನು ಕರಗಿಸಿ, ಸತುವಿನ ಪುಡಿಯನ್ನು ಸ್ವಲ್ಪ ಹೆಚ್ಚಾಗಿಯೇ ಹಾಕಿ ಕಲಕಿದರೆ, ಮೋಲ್ ಒಂದಕ್ಕೆ ಸುಮಾರು 218 ಕಿಲೋಜೂಲಿನಂತೆ ಲೆಕ್ಕ ಹಾಕಿ, ಉಷ್ಣತೆ ಸುಮಾರು 10 ಡಿಗ್ರಿ ಏರಬೇಕು. ನವಸಾಗರ ಕರಗುವಾಗ ಮೋಲ್ ಒಂದಕ್ಕೆ ಹೀರುವುದು ಸುಮಾರು 15 ಕಿಲೋಜೂಲ್ ಮಾತ್ರ, ಆದರೂ 100 ಮಿಲಿಲೀಟರಿಗೆ 10 ಗ್ರಾಂ ಹಾಕಿದರೆ ಸುಮಾರು 6 ಡಿಗ್ರಿ ಇಳಿಯುತ್ತದೆ. ಮೇಡಂ ಅವರು ಎರಡನ್ನೂ ಒಂದೇ ದಿನ ಮಾಡಿಸಬಹುದು. ಮೈಲುತುತ್ತ ವಿಷ, ಮಕ್ಕಳ ಕೈ ಬಾಯಿಗೆ ಹೋಗದಂತೆ ನೋಡಿಕೊಳ್ಳಿ. ಬಳಸಿದ ನೀರನ್ನು ಬಯಲಿಗೆ ಚೆಲ್ಲಬೇಡಿ.

ಗಾರೆ ಕೆಲಸ, ಬಸವಕಲ್ಯಾಣ

ಗೋಡೆಯು ಹಾರಿಹೋದ ಅನಿಲವನ್ನು ಮರಳಿ ಹೀರುವುದಾದರೆ, ಸುಣ್ಣದ ಕೆಲಸದಿಂದ ಗಾಳಿಗೆ ಯಾವ ಕೆಡುಕೂ ಇಲ್ಲ ಎಂದು ಗಿರಾಕಿಗಳಿಗೆ ಹೇಳಬಹುದೇ?

ಭಟ್ಟಿ ಪಾಳಿ, ಸೇಡಂ

ಹಾಗೆ ಹೇಳಬಾರದು ಅಣ್ಣಾ. ಟನ್ ಕಲ್ಲಿನಿಂದ ಹೊರಟ 440 ಕಿಲೋ ಕಾರ್ಬನ್ ಡೈಆಕ್ಸೈಡ್ ಗಾರೆ ಪೂರ್ತಿ ಕಲ್ಲಾದರೆ ಮರಳುತ್ತದೆ ಎಂಬುದು ನಿಜ. ಆದರೆ ಆ 1,780 ಮೆಗಾಜೂಲನ್ನು ಯಾವುದಾದರೂ ಉರುವಲು ಕೊಟ್ಟಿರಲೇಬೇಕು. ಒಂದಿಷ್ಟೂ ಪೋಲಾಗದ ಭಟ್ಟಿಯಲ್ಲಿ ಶುದ್ಧ ಇಂಗಾಲವನ್ನು ಉರಿಸಿದರೂ 54 ಕಿಲೋ ಬೇಕು, ಅದರಿಂದ ಸುಮಾರು 200 ಕಿಲೋ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ. ನಿಜವಾದ ಭಟ್ಟಿಯಲ್ಲಿ ಅದಕ್ಕಿಂತ ಹೆಚ್ಚು. ಅದನ್ನು ಯಾವ ಗೋಡೆಯೂ ಮರಳಿ ಹೀರುವುದಿಲ್ಲ.

ಚಿತ್ತಾಪುರದ ಶಿಕ್ಷಕಿ

ಎಲ್ಲರಿಗೂ ಶರಣು. ನಿನ್ನೆ ತರಗತಿಯಲ್ಲಿ ಮೂರೂ ಪ್ರಯೋಗಗಳನ್ನು ಮಾಡಿದೆವು. ನವಸಾಗರದಲ್ಲಿ 5 ಡಿಗ್ರಿ ಇಳಿಯಿತು, ಮೈಲುತುತ್ತ ಮತ್ತು ಸತುವಿನಲ್ಲಿ 8 ಡಿಗ್ರಿ ಏರಿತು. ಕವಣೆಯ ಹೋಲಿಕೆ ಮಕ್ಕಳಿಗೆ ಮೆಟ್ಟಿಲಿಗಿಂತ ಚೆನ್ನಾಗಿ ಹಿಡಿಸಿತು. ಆದರೆ ಸುಣ್ಣವೇ ನನ್ನ ಮಾನ ತೆಗೆಯಿತು. 200 ಮಿಲಿಲೀಟರ್ ನೀರಿಗೆ 10 ಗ್ರಾಂ ಸುಣ್ಣ ಹಾಕಿದರೆ 13 ಡಿಗ್ರಿಯಷ್ಟು ಏರಬೇಕೆಂದು ಲೆಕ್ಕ ಹಾಕಿ ಹಲಗೆಯ ಮೇಲೆ ಬರೆದಿದ್ದೆ. ಏರಿದ್ದು 4 ಡಿಗ್ರಿ. ನಮ್ಮ ಹುಡುಗಿ ಮತ್ತೆ ಎದ್ದು, “ಉಳಿದದ್ದು ಎಲ್ಲಿ ಹೋತ್ರಿ ಟೀಚರ್?” ಎಂದಳು. ಸುಣ್ಣವನ್ನು ಪ್ರಯೋಗಾಲಯದ ಕಪಾಟಿನಲ್ಲಿದ್ದ ಹಳೆಯ ಡಬ್ಬಿಯಿಂದ ತೆಗೆದಿದ್ದೆ.

ಗಾರೆ ಕೆಲಸ, ಬಸವಕಲ್ಯಾಣ

ಅಕ್ಕೋರೆ, ಡಬ್ಬಿಯೇ ಉತ್ತರ. ಹರಳು ಗಟ್ಟಿಯಾಗಿತ್ತೋ, ಬೆರಳಿನಲ್ಲಿ ಹಿಟ್ಟಾಗುತ್ತಿತ್ತೋ? ಹಿಟ್ಟಾಗಿದ್ದರೆ ಅದು ಗಾಳಿಯ ತೇವದಿಂದ ಡಬ್ಬಿಯಲ್ಲೇ ಅರಳಿಬಿಟ್ಟಿದೆ. ನಾವು ಅದನ್ನು ಸತ್ತ ಸುಣ್ಣ ಎನ್ನುತ್ತೇವೆ, ಗಾರೆಗೆ ಬಳಸುವುದಿಲ್ಲ. ಕೊಡಬೇಕಾದ ಶಾಖವನ್ನು ಅದು ಮಳೆಗಾಲದಲ್ಲಿ ಕಪಾಟಿನೊಳಗೆ, ಯಾರೂ ನೋಡದಾಗ, ಕೊಟ್ಟು ಮುಗಿಸಿದೆ. ಭಟ್ಟಿಯಿಂದ ಇಳಿಸಿ ಎರಡು ದಿನ ಮೀರದ, ಬಡಿದರೆ ಠಣ್ಣೆನ್ನುವ ಹರಳನ್ನು ತರಿಸಿ, ಗಾಳಿಯಾಡದ ಬಾಟಲಿಯಲ್ಲಿಡಿ.

ಚಿತ್ತಾಪುರದ ಶಿಕ್ಷಕಿ

ಹೇಳಿದಂತೆ ಹೊಸ ಹರಳು ತರಿಸಿ ಇಂದು ಮತ್ತೆ ಮಾಡಿದೆವು, ಕನ್ನಡಕ ಹಾಕಿಕೊಂಡೇ. 10 ಡಿಗ್ರಿ ಏರಿತು. ಹಳೆಯ ಡಬ್ಬಿಯ ಪುಡಿಯನ್ನೂ ಪಕ್ಕದಲ್ಲಿಟ್ಟು ತೂಗಿ ಹೋಲಿಸಿದೆವು. ಇನ್ನೂ 3 ಡಿಗ್ರಿ ಕಡಿಮೆ ಇದೆ, ಅದಕ್ಕೇನು ಹೇಳಲಿ?

ಕಟ್ಟಡ ಎಂಜಿನಿಯರ್, ಕಲಬುರಗಿ

ನಮ್ಮ ಭಾಗದ ಕಲ್ಲು ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟ್ ಅಲ್ಲ, ಅದರಲ್ಲಿ ಸಿಲಿಕಾ ಮತ್ತು ಜೇಡಿಯ ಅಂಶವಿದೆ. ನೀವು ತೂಗಿದ 10 ಗ್ರಾಂನಲ್ಲಿ ಸುಣ್ಣ ಅಷ್ಟು ಇರುವುದಿಲ್ಲ. ಸ್ವಲ್ಪ ಶಾಖವನ್ನು ಪಾತ್ರೆ ತಿಂದಿದೆ, ಸ್ವಲ್ಪ ಗಾಳಿಗೆ ಹೋಗಿದೆ. ಮುಂದಿನ ಸಲ ಸ್ಟೀಲ್ ಪಾತ್ರೆಯ ಬದಲು ಥರ್ಮಾಕೋಲ್ ಲೋಟದಲ್ಲಿ, ಮುಚ್ಚಳದ ತೂತಿನಿಂದ ಥರ್ಮಾಮೀಟರ್ ಇಳಿಬಿಟ್ಟು ಮಾಡಿ. ಆಗಲೂ 13 ಬರಲಾರದು, 11 ದಾಟಬಹುದು.